ಫೀಸು ಕಟ್ಟಿದರೆ ಹಳ್ಳಿಗೆ ಹಲ್ಲಿನ ಡಾಕ್ಟರ್ ಬರ್ತಾರಾ?

ಪ್ರಶ್ನೆ ಇಷ್ಟೇ. ಬಿಡಿಎಸ್ ಓದುವವರ ಫೀಸು, ಹಾಸ್ಟೆಲ್ಲು, ಸಾಮಾನಿನ ಖರ್ಚು ಎಲ್ಲಾ ಸರ್ಕಾರವೇ ಕಟ್ಟಿ, ಓದು ಮುಗಿದ ಮೇಲೆ ಹಲ್ಲಿನ ಡಾಕ್ಟರ್ ಸಿಗದ ತಾಲ್ಲೂಕಿನಲ್ಲಿ ಇಷ್ಟು ವರ್ಷ ಕೆಲಸ ಮಾಡಬೇಕು ಅಂತ ಷರತ್ತು ಹಾಕಿದರೆ ಒಳ್ಳೆಯದಾ? ಅಮೆರಿಕದಲ್ಲಿ ಇಂಥ ಸ್ಕಾಲರ್‌ಶಿಪ್ ಐವತ್ತು ವರ್ಷದಿಂದ ಇದೆ. ನಮ್ಮ ಕರ್ನಾಟಕದಲ್ಲಿ ಎಂಬಿಬಿಎಸ್ ಮುಗಿಸಿದವರ ಗ್ರಾಮೀಣ ಸೇವೆಯ ಜಗಳ ವರ್ಷಾ ವರ್ಷ ಕೇಳುತ್ತೇವೆ. ಹಲ್ಲಿನ ಡಾಕ್ಟರ ಮಾತು ಮಾತ್ರ ಯಾರೂ ಎತ್ತುವುದಿಲ್ಲ. ಎರಡೂ ಕಡೆ ನಾನೇ ನಿಂತು ಬರೆದಿದ್ದೇನೆ. ಒಂದು ಕಡೆ ಜಾಸ್ತಿ ವಾಲಿದೆ ಅನ್ನಿಸಿದರೆ ಅದು ನನ್ನ ಒಲವು, ಮುಚ್ಚಿಡುವ ಆಸೆ ಇಲ್ಲ.

ಪರ: ಸಾಲವಿಲ್ಲದವರು ಮಾತ್ರ ಸಣ್ಣ ಊರಿನಲ್ಲಿ ನಿಲ್ಲಬಲ್ಲರು

ಹೋಬಳಿಯಿಂದ ಇನ್ನೂ ಏಳೆಂಟು ಕಿಲೋಮೀಟರ್ ಒಳಗಿರುವ ಹಳ್ಳಿಯಲ್ಲಿ ಒಬ್ಬ ಕೂಲಿ ಹೆಂಗಸಿಗೆ ದವಡೆ ಹಲ್ಲು ನೋವು ಶುರುವಾಯಿತು ಅಂದುಕೊಳ್ಳಿ. ಮೊದಲು ಲವಂಗ ಕಚ್ಚುತ್ತಾಳೆ. ಕಡಿಮೆ ಆಗದಿದ್ದರೆ ಅಲ್ಲಿಗೆ ಒಂದು ಚಿಟಿಕೆ ಕಡ್ಡಿಪುಡಿ ಒತ್ತುತ್ತಾಳೆ, ಸ್ವಲ್ಪ ಹೊತ್ತು ಜೋಮು ಹಿಡಿದ ಹಾಗಾಗಿ ನೋವು ಮರೆಯುತ್ತೆ, ಚಟ ಮಾತ್ರ ಅಂಟಿಕೊಳ್ಳುತ್ತೆ. ಆಮೇಲೆ ಮೆಡಿಕಲ್ ಶಾಪಿನವನು ಕೊಡುವ ನೋವಿನ ಮಾತ್ರೆ, ಜೊತೆಗೆ ಅವನೇ ಕಟ್ಟಿಕೊಡುವ ಎರಡು ದಿನದ ಆಂಟಿಬಯಾಟಿಕ್. ಹೀಗೆ ಮೂರು ನಾಲ್ಕು ತಿಂಗಳು ತಳ್ಳುತ್ತಾಳೆ. ಒಂದು ದಿನ ಕೆನ್ನೆ ಊದಿ ಕಣ್ಣು ಬಿಡಲು ಆಗದೆ ಹೋದಾಗ ತಾಲ್ಲೂಕಿಗೆ ಹೊರಡುತ್ತಾಳೆ. ಶಕ್ತಿ ಯೋಜನೆ ಬಂದ ಮೇಲೆ ಬಸ್ಸೇನೋ ಫ್ರೀ, ಆ ದಿನದ ಕೂಲಿ ಯಾರು ಕೊಡುತ್ತಾರೆ? ರೂಟ್ ಕೆನಾಲ್ ಮಾಡಿಸಿದರೆ ಹಲ್ಲು ಉಳಿಯುತ್ತೆ, ಆದರೆ ಎರಡು ಮೂರು ಸಲ ಬರಬೇಕು, ಮೇಲೆ ಕ್ಯಾಪ್ ಹಾಕಿಸಬೇಕು, ಎಲ್ಲಾ ಸಾವಿರದ ಲೆಕ್ಕ. ಕೀಳಿಸಿದರೆ ಒಂದೇ ದಿನಕ್ಕೆ ಮುಗಿಯುತ್ತೆ. ಕೀಳಿಸಿಕೊಂಡು ಬರುತ್ತಾಳೆ. ಮುಂದಿನ ವರ್ಷ ಪಕ್ಕದ್ದು.

ಅವಳ ಗಂಡನ ಕಥೆ ಇನ್ನೂ ಕೆಟ್ಟದ್ದು. ರಾಜ್ಯದಲ್ಲಿ ಗುಟ್ಕಾ ನಿಷೇಧವಾಗಿದ್ದು 2013ರಲ್ಲಿ. ಪಾನ್ ಮಸಾಲಾದ್ದೊಂದು ಚೀಟಿ, ತಂಬಾಕಿನದ್ದೊಂದು ಚೀಟಿ ಬೇರೆ ಬೇರೆ ತಗೊಂಡು ಅಂಗೈಯಲ್ಲಿ ಬೆರೆಸಿಕೊಂಡರೆ ನಿಷೇಧವೂ ಆಯಿತು, ಗುಟ್ಕಾವೂ ಆಯಿತು. 2016-17ರ ಸಮೀಕ್ಷೆಯಲ್ಲಿ ಕರ್ನಾಟಕದ ವಯಸ್ಕರಲ್ಲಿ ಶೇ 22.8 ಮಂದಿ ಒಂದಲ್ಲ ಒಂದು ರೂಪದಲ್ಲಿ ತಂಬಾಕು ಬಳಸುತ್ತಿದ್ದರು. ಅಡಿಕೆ ಜಗಿದು ಜಗಿದು ಕೆನ್ನೆಯ ಒಳಭಾಗ ಚರ್ಮದ ಹಾಗೆ ಬಿಗಿಯುತ್ತೆ, ಖಾರ ತಿಂದರೆ ಉರಿ. ಮೂರು ಬೆರಳು ಒಂದರ ಮೇಲೊಂದು ಬರುವ ಹಾಗೆ ಜೋಡಿಸಿ ಬಾಯಿಗೆ ಹಾಕಿ ನೋಡು ಅಂದರೆ ಎರಡೇ ಹೋಗುತ್ತೆ. ಕ್ಯಾನ್ಸರಿಗೆ ತಿರುಗಬಹುದಾದ ಸ್ಥಿತಿ ಅದು. ಇದನ್ನು ಕಂಡುಹಿಡಿಯಲು ಸ್ಕ್ಯಾನ್ ಬೇಡ, ಒಂದು ಪುಟ್ಟ ಕನ್ನಡಿ, ಟಾರ್ಚು, ನೋಡಲು ಗೊತ್ತಿರುವ ಒಂದು ಜೊತೆ ಕಣ್ಣು ಸಾಕು. ಅದೇ ಆ ಊರಿನ ಹತ್ತಿರ ಇಲ್ಲ. ಇವನು ಕಿದ್ವಾಯಿ ಆಸ್ಪತ್ರೆಗೆ ಹೋಗುವ ಹೊತ್ತಿಗೆ ಕತ್ತಿನ ಗಂಟು ಕೈಗೆ ಸಿಗುತ್ತಿರುತ್ತೆ.

ಹಾಗಂತ ಕರ್ನಾಟಕಕ್ಕೆ ದಂತ ಕಾಲೇಜುಗಳ ಬರವೇ? ತಮಾಷೆ ಅಂದರೆ ಅದೇ. ನಲವತ್ತಕ್ಕೂ ಜಾಸ್ತಿ ಕಾಲೇಜು ಇವೆ, ದೇಶದಲ್ಲೇ ಮುಂಚೂಣಿ. ಬೆಂಗಳೂರು, ಮಂಗಳೂರು, ದಾವಣಗೆರೆಯ ಕಡೆ ಒಂದು ಸುತ್ತು ಹಾಕಿದರೆ ಸಾಕು, ಬೋರ್ಡುಗಳು ಕಾಣುತ್ತವೆ. ಆದರೆ 2011ರ ಜನಗಣತಿ ಪ್ರಕಾರ ರಾಜ್ಯದ ಶೇ 61 ಜನ ಇರುವುದು ಹಳ್ಳಿಯಲ್ಲಿ, ಓದಿ ಹೊರಬಂದ ಡಾಕ್ಟರುಗಳು ನಿಲ್ಲುವುದು ನಗರದಲ್ಲಿ. ಬೆಂಗಳೂರಿನ ಯಾವ ಬಡಾವಣೆಗಾದರೂ ಹೋಗಿ, ಒಂದೇ ರಸ್ತೆಯಲ್ಲಿ ಮೂರು ಡೆಂಟಲ್ ಕ್ಲಿನಿಕ್ ಎದುರು ಬದುರು ಇರುತ್ತವೆ.

ಯಾಕೆ ಹೀಗೆ ಅಂತ ಕೇಳಿದರೆ "ಈಗಿನ ಹುಡುಗರಿಗೆ ಸೇವಾ ಮನೋಭಾವ ಇಲ್ಲ" ಅಂತ ಹಿರಿಯರು ಒಂದು ಮಾತು ಒಗೆದುಬಿಡುತ್ತಾರೆ. ಸುಮ್ನೆ ಮಾತು. ಲೆಕ್ಕ ಹಾಕಿ ನೋಡಿ. ನಾಲ್ಕು ವರ್ಷ ಓದು, ಒಂದು ವರ್ಷ ಇಂಟರ್ನ್‌ಶಿಪ್. ಸರ್ಕಾರಿ ಸೀಟು ಸಿಕ್ಕವರು ಬೆರಳೆಣಿಕೆ. ಉಳಿದವರು ಖಾಸಗಿ ಕಾಲೇಜಿಗೆ ಲಕ್ಷಗಟ್ಟಲೆ ಕಟ್ಟಬೇಕು. ಫೀಸಿನ ಮೇಲೆ ಸಾಮಾನು ಬೇರೆ. ಮೊದಲನೇ ವರ್ಷ ಮೇಣದ ತುಂಡಿನಲ್ಲಿ ಹಲ್ಲು ಕೆತ್ತುವುದರಿಂದ ಹಿಡಿದು, ಕೃತಕ ದವಡೆ, ಮೈಕ್ರೋಮೋಟರು, ಕೈ ಉಪಕರಣಗಳ ಸೆಟ್ಟು, ಎಲ್ಲಾ ವಿದ್ಯಾರ್ಥಿಯೇ ಕೊಳ್ಳಬೇಕು. ಕಡೆಯ ವರ್ಷದಲ್ಲಿ ಇಷ್ಟು ಹಲ್ಲು ಸೆಟ್ಟು ಮಾಡಿರಬೇಕು, ಇಷ್ಟು ಫಿಲ್ಲಿಂಗ್ ಮಾಡಿರಬೇಕು ಅಂತ ಕೋಟಾ ಇರುತ್ತೆ. ಪೇಷಂಟು ಸಿಗದೆ, ಎಷ್ಟೋ ಮಕ್ಕಳು ತಾವೇ ಅಜ್ಜ ಅಜ್ಜಿಯರನ್ನು ಹುಡುಕಿ, ಆಟೋ ಚಾರ್ಜು ಕೊಟ್ಟು, ಕಾಲೇಜಿನ ಬಿಲ್ಲನ್ನೂ ತಾವೇ ಕಟ್ಟಿ ಕೋಟಾ ಮುಗಿಸುತ್ತಾರೆ. ರೈತರ ಮಕ್ಕಳಿಗೆ 2021ರಲ್ಲಿ ಶುರುವಾದ ರೈತ ವಿದ್ಯಾನಿಧಿಯಲ್ಲಿ ವೃತ್ತಿಪರ ಕೋರ್ಸಿಗೆ ವರ್ಷಕ್ಕೆ ಗೊತ್ತು ಮಾಡಿದ್ದು ಹುಡುಗರಿಗೆ 10 ಸಾವಿರ, ಹುಡುಗಿಯರಿಗೆ 11 ಸಾವಿರ. ಸಾಮಾನಿನ ಖರ್ಚಿಗೇ ಸಾಲದು. ಅರಿವು ಯೋಜನೆ ಇದೆಯಲ್ಲ ಅನ್ನಬಹುದು, ಅದು ಸಾಲ, ವಾಪಸ್ ಕಟ್ಟಲೇಬೇಕು.

ಈ ಸಾಲ ಹೊತ್ತ ಇಪ್ಪತ್ಮೂರರ ಹುಡುಗಿ ಎಲ್ಲಿ ಕೆಲಸ ಮಾಡಬೇಕು ಅಂತ ತೀರ್ಮಾನಿಸುವುದು ಅವಳಲ್ಲ, ಬ್ಯಾಂಕಿನ ಕಂತು. ಕಂತು ಕಟ್ಟುವಷ್ಟು ದುಡ್ಡು ಹುಟ್ಟುವುದು ಇಂಪ್ಲಾಂಟು, ಕ್ಲಿಪ್ಪು, ಹಲ್ಲು ಬಿಳಿ ಮಾಡುವ ಕೆಲಸ ಇರುವ ಕಡೆ. ಸ್ಕಾಲರ್‌ಶಿಪ್ ಮಾಡುವ ಕೆಲಸ ಒಂದೇ, ಆ ಕಂತನ್ನು ತೆಗೆದುಬಿಡುತ್ತೆ. ಆಗ ಸುರಪುರವೋ ಪಾವಗಡವೋ ಅಂತ ಅವಳು ಯೋಚನೆ ಮಾಡಲಿಕ್ಕಾದರೂ ಸಾಧ್ಯ ಆಗುತ್ತೆ.

ಅಮೆರಿಕದವರು ಕಂಡುಕೊಂಡಿದ್ದೂ ಇದನ್ನೇ. ಅಲ್ಲಿನ ನ್ಯಾಷನಲ್ ಹೆಲ್ತ್ ಸರ್ವಿಸ್ ಕೋರ್ 1970ರ ಕಾನೂನಿನಿಂದ ಹುಟ್ಟಿತು, ಎರಡು ವರ್ಷಕ್ಕೆ ಸ್ಕಾಲರ್‌ಶಿಪ್ ಸೇರಿಕೊಂಡಿತು. ದಂತ ವಿದ್ಯಾರ್ಥಿಗಳಿಗೂ ಉಂಟು. ಫೀಸು ಕಟ್ಟುತ್ತಾರೆ, ತಿಂಗಳ ಖರ್ಚಿಗೂ ಕೊಡುತ್ತಾರೆ. ಒಂದು ವರ್ಷದ ನೆರವಿಗೆ ಒಂದು ವರ್ಷದ ಸೇವೆ, ಕಡಿಮೆ ಅಂದರೆ ಎರಡು ವರ್ಷ. ಮನಸ್ಸಿಗೆ ಬಂದ ಕಡೆ ಹೋಗುವ ಹಾಗಿಲ್ಲ. ಯಾವ ಪ್ರದೇಶದಲ್ಲಿ ಎಷ್ಟು ಕೊರತೆ ಅಂತ ಅಂಕ ಹಾಕಿರುತ್ತಾರೆ, ಅಂಥ ಕಡೆಯ ಒಪ್ಪಿಗೆ ಪಡೆದ ಕ್ಲಿನಿಕ್ಕುಗಳಲ್ಲೇ ಸೇರಬೇಕು. ಮಾತು ಮುರಿದರೆ ಮೂರು ಪಟ್ಟು, ಮೇಲೆ ಬಡ್ಡಿ.

ಪ್ರದೇಶ ಗುರುತಿಸುವ ಕೆಲಸ ನಮ್ಮಲ್ಲಿ ಆಗಲೇ ಅರ್ಧ ಆಗಿದೆ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಕೊಟ್ಟ ವರದಿಯಲ್ಲಿ ಆಗಿನ 175 ತಾಲ್ಲೂಕುಗಳಲ್ಲಿ 114 ಹಿಂದುಳಿದವು, ಅದರೊಳಗೆ 39 ಅತ್ಯಂತ ಹಿಂದುಳಿದವು ಅಂತ ಪಟ್ಟಿಯೇ ಇದೆ. ಆ 39ರಲ್ಲಿ ಅರ್ಧಕ್ಕಿಂತ ಜಾಸ್ತಿ ಕಲಬುರಗಿ ವಿಭಾಗದಲ್ಲಿವೆ. ಪಟ್ಟಿ ಹಳೆಯದು, ಸರಿ, ಪರಿಷ್ಕರಿಸಿಕೊಳ್ಳಲಿ.

ಯಾರಿಗೆ ಕೊಡಬೇಕು ಅನ್ನುವುದು ಇನ್ನೂ ಮುಖ್ಯ. ವಿಶ್ವ ಆರೋಗ್ಯ ಸಂಸ್ಥೆ 2010ರಲ್ಲಿ ಹಳ್ಳಿಗಾಡಿಗೆ ಆರೋಗ್ಯ ಸಿಬ್ಬಂದಿಯನ್ನು ಕರೆತಂದು ಉಳಿಸಿಕೊಳ್ಳುವುದು ಹೇಗೆ ಅಂತ ಮಾರ್ಗಸೂಚಿ ಮಾಡಿತು. ಹಳ್ಳಿ ಹಿನ್ನೆಲೆಯ ಮಕ್ಕಳನ್ನು ಓದಿಗೆ ಸೇರಿಸಿಕೊಳ್ಳಿ ಅನ್ನುವುದು ಅದರ ಮೊದಲ ಸಾಲಿನ ಸಲಹೆ, ಸೇವೆಯ ಷರತ್ತಿನ ಸ್ಕಾಲರ್‌ಶಿಪ್ಪೂ ಅದರಲ್ಲಿದೆ. ಲಿಂಗಸೂಗೂರಿನ ಹುಡುಗನಿಗೆ ಲಿಂಗಸೂಗೂರು ಶಿಕ್ಷೆಯ ಊರಲ್ಲ. ಬಿಸಿಲಿಗೆ ಹೆದರುವುದಿಲ್ಲ, ಅಲ್ಲಿನ ಮಾತು ಗೊತ್ತು, ಅವ್ವನ ಮನೆ ಊಟ ಇದೆ. ಸಂವಿಧಾನದ 371(ಜೆ) ವಿಧಿಯ ಮೀಸಲಾತಿ ಬಂದ ಮೇಲೆ ಕಲ್ಯಾಣ ಕರ್ನಾಟಕದ ಮಕ್ಕಳಿಗೆ ಸೀಟು ಸಿಗುವುದು ಸುಲಭವಾಗಿದೆ. ಆದರೆ ಸೀಟು ಪಡೆದವರು ಓದಿ ಊರಿಗೆ ವಾಪಸ್ ಬರಲು ಕಾರಣ ಏನಾದರೂ ಇಟ್ಟಿದ್ದೇವಾ? ಏನೂ ಇಲ್ಲ. ಆ ಜಾಗದಲ್ಲಿ ಕೂರಬೇಕಾದದ್ದು ಈ ಸ್ಕಾಲರ್‌ಶಿಪ್.

ಹೀಗೆ ಸೇವೆಯ ಕರಾರು ಬರೆಸಿಕೊಳ್ಳುವ ಬಾಂಡು ಅಂದರೆ ಜೀತ ಅನ್ನುವವರು ಇದ್ದಾರೆ. ಎಂಬಿಬಿಎಸ್‌ನವರ ಕಡ್ಡಾಯ ಸೇವೆಗೂ ಇದಕ್ಕೂ ಅಜಗಜಾಂತರ ಇದೆ. ಅಲ್ಲಿ ತಮ್ಮದೇ ದುಡ್ಡಿನಲ್ಲಿ ಓದಿದವರನ್ನೂ ಕಾನೂನು ಎಳೆದು ತರುತ್ತೆ. ಇಲ್ಲಿ ಬೇಕಾದವರು ಅರ್ಜಿ ಹಾಕುತ್ತಾರೆ, ಬೇಡದವರು ಬಿಡುತ್ತಾರೆ. ಕಡ್ಡಾಯ ಬಾಂಡನ್ನೇ ಸುಪ್ರೀಂ ಕೋರ್ಟು 2019ರಲ್ಲಿ ಎತ್ತಿಹಿಡಿದಿರುವಾಗ, ಕೇಳಿ ಪಡೆದ ನೆರವಿನ ಷರತ್ತಿಗೆ ಯಾರ ತಕರಾರು? ಒಂದು ಮಾತು ಮಾತ್ರ ಸೇರಿಸುತ್ತೇನೆ. ಹದಿನೆಂಟರ ಮಕ್ಕಳ ಕೈಲಿ ಸಹಿ ಹಾಕಿಸಬಾರದು. ಮೂರನೇ ವರ್ಷಕ್ಕೆ ಬಂದು, ವಾರ್ಡಿನಲ್ಲಿ ಪೇಷಂಟು ಮುಟ್ಟಿ, ಈ ಕೆಲಸ ತನಗೆ ಒಗ್ಗುತ್ತಾ ಅಂತ ಗೊತ್ತಾದ ಮೇಲೆ ಕೇಳಬೇಕು. ಹಿಂದಿನ ಎರಡು ವರ್ಷದ ಸಾಲವನ್ನೂ ಆಗ ಸೇರಿಸಿ ತೀರಿಸಿದರಾಯಿತು.

ಷರತ್ತು ಮುಗಿದ ದಿನವೇ ಗಂಟುಮೂಟೆ ಕಟ್ಟುತ್ತಾರೆ ಅನ್ನುವುದು ಇನ್ನೊಂದು ಮಾತು. ಇಂಥ ಯೋಜನೆಗಳ ಬಗ್ಗೆ ಬಂದಿದ್ದ ಹತ್ತಾರು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದ ಒಂದು ಪರಿಶೀಲನೆ 2009ರಲ್ಲಿ ಪ್ರಕಟವಾಯಿತು. ಮೊದಲು ಹೋದ ಊರಲ್ಲೇ ಉಳಿಯುವವರು ಕಡಿಮೆ, ಅದು ನಿಜ. ಆದರೆ ನೆರವು ಪಡೆಯದವರಿಗೆ ಹೋಲಿಸಿದರೆ ಇವರು ಮುಂದೆಯೂ ಕೊರತೆ ಇರುವ ಒಂದಲ್ಲ ಒಂದು ಕಡೆ ಕೆಲಸ ಮಾಡುವ ಸಾಧ್ಯತೆ ಜಾಸ್ತಿ ಅಂತ ಅದರಲ್ಲಿ ಕಂಡಿತು. ದೇವದುರ್ಗ ಬಿಟ್ಟು ಸಿಂಧನೂರಿಗೆ ಹೋದರೂ ನಷ್ಟ ಏನು? ಅಷ್ಟಕ್ಕೂ ನಾಲ್ಕು ವರ್ಷ ಒಬ್ಬ ಡಾಕ್ಟರ್ ಇದ್ದರೆ, ಸಂತೆಯಲ್ಲಿ ಬಟ್ಟೆ ಹಾಸಿಕೊಂಡು ಕೂತು, ಇರುವ ಹಲ್ಲಿಗೆ ತಂತಿ ಸುತ್ತಿ ಪ್ಲಾಸ್ಟಿಕ್ ಹಲ್ಲು ಅಂಟಿಸಿ ಕಳಿಸುವವರ ಕೈಗೆ ಬೀಳುವ ಬಾಯಿಗಳು ಅಷ್ಟಾದರೂ ಕಡಿಮೆ ಆಗುತ್ತವೆ.

ವಿರೋಧ: ಡಾಕ್ಟರುಗಳು ಬೇಕಾದಷ್ಟಿದ್ದಾರೆ, ಕೂರಿಸಲು ಜಾಗ ಇಲ್ಲ

ಮೇಲಿನದೆಲ್ಲ ಓದಲು ಚೆನ್ನಾಗಿದೆ. ಆದರೆ ಬುಡದಲ್ಲೇ ಒಂದು ತಪ್ಪು ಲೆಕ್ಕ ಇದೆ. ಸ್ಕಾಲರ್‌ಶಿಪ್ ಕೊಡುವುದು ಯಾವಾಗ? ಓದಿದ ಜನ ಸಾಲದಿದ್ದಾಗ. ನಮ್ಮಲ್ಲಿ ಓದಿದ ಜನ ಕೆಲಸ ಇಲ್ಲದೆ ಕೂತಿದ್ದಾರೆ. ಬಿಡಿಎಸ್ ಮುಗಿಸಿ ಮೆಡಿಕಲ್ ಕೋಡಿಂಗ್ ಕಂಪನಿಗೆ ಹೋದವರು, ಇನ್ಶೂರೆನ್ಸ್ ಕ್ಲೇಮು ನೋಡುವ ಡೆಸ್ಕಿನಲ್ಲಿ ಕೂತವರು, ಕೆಎಎಸ್ ಕೋಚಿಂಗಿಗೆ ಸೇರಿದವರು ನಿಮ್ಮ ಪರಿಚಯದಲ್ಲೂ ಒಬ್ಬರಾದರೂ ಇರುತ್ತಾರೆ. ನಗರದ ಕ್ಲಿನಿಕ್ಕುಗಳು ಹೊಸಬರಿಗೆ ಕೊಡುವ ಸಂಬಳ ಮನೆಯಲ್ಲಿ ಹೇಳಿಕೊಳ್ಳುವ ಹಾಗಿರುವುದಿಲ್ಲ. ಇವರಿಗೆ ತಾಲ್ಲೂಕಿನಲ್ಲಿ ಕಾಯಂ ಕೆಲಸ, ಸರ್ಕಾರಿ ಸಂಬಳ ಅಂದರೆ ಬಾಂಡೂ ಬೇಡ, ಬಲವಂತವೂ ಬೇಡ, ಎದ್ದು ಬರುತ್ತಾರೆ. ಬರದಿರುವುದು ಹುದ್ದೆ.

ಕೇಂದ್ರದ ಆರೋಗ್ಯ ಮಾನದಂಡಗಳ ಪ್ರಕಾರ ಸಮುದಾಯ ಆರೋಗ್ಯ ಕೇಂದ್ರದಲ್ಲಿ ಒಬ್ಬ ದಂತ ವೈದ್ಯರು ಇರಬೇಕು. ಅದರ ಕೆಳಗಿನ ಪ್ರಾಥಮಿಕ ಆರೋಗ್ಯ ಕೇಂದ್ರ, ಅಂದರೆ ಪಿಎಚ್‌ಸಿಯಲ್ಲಿ? ಹಳ್ಳಿಯವರು ದಿನಾ ನೋಡುವುದು ಪಿಎಚ್‌ಸಿಯನ್ನು. ಅಲ್ಲಿ ಹಲ್ಲಿಗೆ ಬೇರೆ ಬಾಗಿಲೇ ಇಲ್ಲ. ಹಾಗಿರುವಾಗ ನೂರು ಮಕ್ಕಳನ್ನು ಓದಿಸಿ ಕಳಿಸಿದರೆ ಅವರು ಎಲ್ಲಿ ಕೂರಬೇಕು?

ಎಂಬಿಬಿಎಸ್‌ನವರ ಅನುಭವವನ್ನೇ ನೋಡಿ. ಒಂದು ವರ್ಷದ ಕಡ್ಡಾಯ ಸೇವೆಯ ಕಾನೂನನ್ನು ಕರ್ನಾಟಕ 2012ರಲ್ಲಿ ಮಾಡಿತು, ತಪ್ಪಿಸಿದವರಿಗೆ 15ರಿಂದ 30 ಲಕ್ಷ ದಂಡ. ಕಡೆಗೆ ಏನಾಯಿತು ಅಂದರೆ ಪಾಸಾಗಿ ಬಂದವರು ಜಾಸ್ತಿ, ಖಾಲಿ ಹುದ್ದೆ ಕಡಿಮೆ. 2023ರಲ್ಲಿ ಖಾಲಿ ಇರುವಷ್ಟು ಹುದ್ದೆಗೆ ಮಾತ್ರ ಸೇವೆ ಅಂತ ಸಡಿಲ ಮಾಡಬೇಕಾಯಿತು. ಊರೂರಿಗೆ ಪಿಎಚ್‌ಸಿ ಇರುವ ಎಂಬಿಬಿಎಸ್‌ನವರ ಗತಿಯೇ ಹೀಗಾದರೆ ಹಲ್ಲಿನವರ ಕಥೆ ಕೇಳುವುದೇ ಬೇಡ.

ಅಷ್ಟಕ್ಕೂ ಜ್ವರದ ಡಾಕ್ಟರಿಗೂ ಹಲ್ಲಿನ ಡಾಕ್ಟರಿಗೂ ಒಂದು ವ್ಯತ್ಯಾಸ ಇದೆ, ಇದನ್ನು ಯೋಜನೆ ಬರೆಯುವವರು ಮರೆತೇ ಬಿಡುತ್ತಾರೆ. ಅವರು ಸ್ಟೆತಾಸ್ಕೋಪು, ಬಿಪಿ ಮಿಷನ್ನು, ಒಂದಷ್ಟು ಮಾತ್ರೆ ಇಟ್ಟುಕೊಂಡು ಮರದ ಕೆಳಗೂ ಕೆಲಸ ನಡೆಸಬಹುದು. ಇವರಿಗೆ ಕುರ್ಚಿ ಬೇಕು, ಕುರ್ಚಿಗೆ ಕಂಪ್ರೆಸರ್ ಬೇಕು, ಕಂಪ್ರೆಸರಿಗೆ ಕರೆಂಟು, ಹಲ್ಲು ಕೊರೆಯುವ ಏರೋಟರಿಗೆ ಶುದ್ಧ ನೀರು, ಉಗುಳು ಎಳೆಯುವ ಸಕ್ಷನ್ನು, ಫಿಲ್ಲಿಂಗ್ ಗಟ್ಟಿ ಮಾಡುವ ಲೈಟ್ ಕ್ಯೂರು, ಉಪಕರಣದ ಕ್ರಿಮಿ ಕೊಲ್ಲಲು ಆಟೋಕ್ಲೇವು, ಎಕ್ಸ್‌ರೇ, ಪಕ್ಕದಲ್ಲಿ ಕೈಗೆ ಕೊಡಲು ಒಬ್ಬ ಸಹಾಯಕಿ. ಇದರಲ್ಲಿ ಒಂದು ಕೈಕೊಟ್ಟರೆ ಉಳಿದಿದ್ದೆಲ್ಲ ಸುಮ್ಮನೆ ಕೂರುತ್ತೆ.

ಒಂದು ತಾಲ್ಲೂಕು ಆಸ್ಪತ್ರೆಯ ದಂತ ವಿಭಾಗ ನೋಡಿದ್ದೇನೆ, ಊರು ಬೇಡ. ಕುರ್ಚಿ ಒಳ್ಳೆಯದೇ. ಅದರ ಮೇಲೆ ಬಂದಾಗ ಸುತ್ತಿದ್ದ ಪ್ಲಾಸ್ಟಿಕ್ ಅರ್ಧ ಹಾಗೇ ಇತ್ತು. ಕಾಲಿನಲ್ಲಿ ಒತ್ತುವ ಪೆಡಲ್ ಕೆಟ್ಟಿದ್ದರಿಂದ ಕುರ್ಚಿ ಒಂದೇ ಎತ್ತರಕ್ಕೆ ನಿಂತುಬಿಟ್ಟಿತ್ತು, ಮಕ್ಕಳು ಬಂದರೆ ಕೆಳಗೆ ಎರಡು ದಪ್ಪ ರಿಜಿಸ್ಟರ್ ಇಟ್ಟು ಕೂರಿಸುತ್ತಿದ್ದರು. ಸರ್ವಿಸಿನವನು ಜಿಲ್ಲಾ ಕೇಂದ್ರದಿಂದ ಬರಬೇಕು, ಅವನಿಗೆ ಬರೆದ ಪತ್ರದ ನಕಲು ಗೋಡೆಗೆ ಅಂಟಿಸಿತ್ತು. ಫಿಲ್ಲಿಂಗ್ ಸಿಮೆಂಟು ಮುಗಿದಿತ್ತು, ಇಂಡೆಂಟ್ ಹಾಕಿದ್ದಾರೆ ಅಂದರು. ಮರಗಟ್ಟಿಸುವ ಇಂಜೆಕ್ಷನ್ನು, ಇಕ್ಕಳ ಎರಡಿತ್ತು, ಹಾಗಾಗಿ ಡಾಕ್ಟರಮ್ಮ ದಿನಾ ಹಲ್ಲು ಕೀಳುತ್ತಿದ್ದರು. ಬಿಡಿಎಸ್ ಮೇಲೆ ಎಂಡಿಎಸ್ಸೂ ಮಾಡಿದವರು ಅವರು. ರೂಟ್ ಕೆನಾಲ್ ಬೇಕಾದವರಿಗೆ ಎದುರು ರಸ್ತೆಯ ಖಾಸಗಿ ಕ್ಲಿನಿಕ್ ತೋರಿಸುತ್ತಿದ್ದರು. ಆ ರೂಮಿಗೆ ಸ್ಕಾಲರ್‌ಶಿಪ್ಪಿನಲ್ಲಿ ಓದಿದ ಇನ್ನೊಬ್ಬರನ್ನು ಕಳಿಸಿದರೆ ಆ ಕೂಲಿ ಹೆಂಗಸಿಗೆ ಆಗುವ ಲಾಭ ಏನು? ಹಲ್ಲು ಕೀಳಲು ಕ್ಯೂ ಸ್ವಲ್ಪ ಬೇಗ ಮುಗಿಯುತ್ತೆ ಅಷ್ಟೇ.

ಎದುರು ರಸ್ತೆಯಲ್ಲಿ ಖಾಸಗಿ ಕ್ಲಿನಿಕ್ ಇತ್ತು ಅನ್ನುವುದನ್ನು ಗಮನಿಸಿ. ತಾಲ್ಲೂಕು ಪೇಟೆಗಳಲ್ಲಿ ಈಗ ಅಂಥವು ಹೇರಳವಾಗಿವೆ. ಗಂಗಾವತಿ, ಸಿಂಧನೂರು, ಶಿರಾ ಎಲ್ಲಿಗಾದರೂ ಹೋಗಿ. ಆ ಹೆಂಗಸು ಒಳಗೆ ಹೋಗದಿರುವುದು ಡಾಕ್ಟರ್ ಇಲ್ಲ ಅಂತಲ್ಲ, ಸಾವಿರಗಳು ಇಲ್ಲ ಅಂತ.

ಅಮೆರಿಕದ ಮಾದರಿ ಅಂತಾರಲ್ಲ, ಅದರಲ್ಲಿ ಅರ್ಧವನ್ನಷ್ಟೇ ನಾವು ನೋಡುತ್ತೇವೆ. ಅಲ್ಲಿ ದಂತ ವೈದ್ಯರು ಓದು ಮುಗಿಸುವಾಗ ಹೊತ್ತಿರುವ ಸಾಲ ಸರಾಸರಿ ಮೂರು ಲಕ್ಷ ಡಾಲರಿನ ಆಸುಪಾಸು. ಅಷ್ಟು ದೊಡ್ಡ ಹೊರೆ ಇಳಿಸುತ್ತೇವೆ ಅಂದರೆ ಯಾರಾದರೂ ಎಲ್ಲಿಗಾದರೂ ಹೋಗುತ್ತಾರೆ. ಅವರು ಹೋಗಿ ಸೇರುವ ಸಮುದಾಯ ಕ್ಲಿನಿಕ್ಕಿಗೆ ಸರ್ಕಾರದ ಅನುದಾನ ಇರುತ್ತೆ, ಬಡ ಪೇಷಂಟಿನ ಪರವಾಗಿ ದುಡ್ಡು ಬರುವ ದಾರಿ ಇರುತ್ತೆ. ಅಂದರೆ ಕುರ್ಚಿ ಮೊದಲು ಬಂತು, ಅದಕ್ಕೆ ಜನ ಹುಡುಕಲು ಸ್ಕಾಲರ್‌ಶಿಪ್ ಬಂತು. ನಾವು ಉಲ್ಟಾ ಹೊರಟಿದ್ದೇವೆ.

ಆ 2009ರ ಪರಿಶೀಲನೆಯ ಮಾತೂ ಹೇಳಿಬಿಡುತ್ತೇನೆ. ಅದರಲ್ಲಿದ್ದ ಅಧ್ಯಯನಗಳು ಬಹುಪಾಲು ಅಮೆರಿಕದವು. ನೆರವು ತಗೊಂಡವರು ಮುಂದೆಯೂ ಹಿಂದುಳಿದ ಕಡೆ ಕೆಲಸ ಮಾಡಿದರು ಅಂದರೆ ನೆರವಿನಿಂದ ಹಾಗಾಯಿತಾ, ಅಥವಾ ಮೊದಲಿಂದಲೂ ಆ ಮನಸ್ಸಿದ್ದವರೇ ಅರ್ಜಿ ಹಾಕಿದ್ದರಾ? ಪರಿಶೀಲನೆ ಮಾಡಿದವರೇ ಈ ಅನುಮಾನ ಎತ್ತಿದ್ದಾರೆ. ಹೇಗೂ ಹೋಗುತ್ತಿದ್ದವರಿಗೆ ದುಡ್ಡು ಕೊಟ್ಟು ಯೋಜನೆ ಯಶಸ್ವಿ ಅಂತ ವರದಿ ಬರೆಯುವುದು ಬಹಳ ಸುಲಭ.

ಇನ್ನು ದುಡ್ಡು ಯಾರ ಜೇಬಿಗೆ ಹೋಗುತ್ತೆ? ಸ್ಕಾಲರ್‌ಶಿಪ್ ವಿದ್ಯಾರ್ಥಿಯ ಹೆಸರಿನಲ್ಲಿ ಬಂದು ಕಾಲೇಜಿನ ಖಾತೆಗೆ ಇಳಿಯುತ್ತೆ. ಬಿಡಿಎಸ್ ಸೀಟುಗಳು ದೇಶದಾದ್ಯಂತ ಖಾಲಿ ಬೀಳುತ್ತಿವೆ. 2020-21ರ ಸಾಲಿನಲ್ಲಿ ಸುಮಾರು 7 ಸಾವಿರ ಸೀಟು ತುಂಬದೆ ಉಳಿದು, 2021ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ನೀಟ್ ಅರ್ಹತೆಯನ್ನು 10 ಪರ್ಸೆಂಟೈಲ್ ಇಳಿಸಲು ಹೇಳಬೇಕಾಯಿತು. ಮಕ್ಕಳು ಬರುತ್ತಿಲ್ಲ, ಯಾಕೆಂದರೆ ಓದಿದವರ ಗತಿ ಅವರಿಗೆ ಗೊತ್ತು. ಈಗ ಸರ್ಕಾರವೇ ಫೀಸು ಕಟ್ಟುತ್ತೇನೆ ಅಂದರೆ ಮೊದಲು ಪಟಾಕಿ ಹೊಡೆಯುವುದು ಹಳ್ಳಿಯವರಲ್ಲ, ಸೀಟು ತುಂಬದ ಖಾಸಗಿ ಕಾಲೇಜಿನ ಆಡಳಿತ ಮಂಡಳಿ. ನನಗೆ ಈ ಯೋಜನೆಯ ಮೇಲೆ ಇರುವ ದೊಡ್ಡ ಸಿಟ್ಟು ಇದೇ.

ಬೇಕಾದವರು ಹಾಕುತ್ತಾರೆ, ಬೇಡದವರು ಬಿಡುತ್ತಾರೆ ಅನ್ನುವುದು ಕೇಳಲು ನ್ಯಾಯವಾಗಿದೆ. ಅಪ್ಪನ ಹತ್ತಿರ ದುಡ್ಡಿದ್ದವರು ಬಿಡುತ್ತಾರೆ. ಇಲ್ಲದವರು ಸಹಿ ಹಾಕುತ್ತಾರೆ. ಬಿಡಿಎಸ್ ಕ್ಲಾಸಿನಲ್ಲಿ ಹುಡುಗಿಯರೇ ಜಾಸ್ತಿ. ಓದು ಮುಗಿಯುವುದೂ ಮನೆಯಲ್ಲಿ ಗಂಡು ನೋಡಲು ಶುರು ಮಾಡುವುದೂ ಒಂದೇ ಹೊತ್ತಿಗೆ. ಗಂಡ ಪುಣೆಯಲ್ಲಿ, ಬಾಂಡು ಜೇವರ್ಗಿಯಲ್ಲಿ. ದಂಡ ಕಟ್ಟಬೇಕಾದವನು ಮಗಳ ಮದುವೆಗೆ ಆಗಲೇ ಸಾಲ ಮಾಡಿದ ಅಪ್ಪ. ಒಂಟಿ ಹುಡುಗಿಗೆ ಬಾಗಿಲು ಭದ್ರ ಇರುವ ಕ್ವಾರ್ಟರ್ಸು ಕೊಡುತ್ತೇವೆ ಅಂತ ಯಾವ ಯೋಜನೆಯಲ್ಲಾದರೂ ಬರೆದಿದ್ದನ್ನು ನೋಡಿದ್ದೀರಾ? ಮೇಲಿಂದ, ನಾಲ್ಕು ವರ್ಷ ಬರೀ ಹಲ್ಲು ಕಿತ್ತ ಕೈಗೆ ಕಲಿತದ್ದೆಲ್ಲ ಮರೆತುಹೋಗುತ್ತೆ. ಕೋವಿಡ್ ಬಂದಾಗ ದಂತ ವೈದ್ಯರನ್ನೂ ಗಂಟಲ ದ್ರವ ತೆಗೆಯಲು ಹಾಕಿದ್ದರು. ತುರ್ತು ಕಾಲ, ಒಪ್ಪೋಣ. ಬೇರೆ ದಿನಗಳಲ್ಲೂ ಆಸ್ಪತ್ರೆಯಲ್ಲಿ ಏನಾದರೂ ಕೆಲಸ ಬಿದ್ದರೆ "ಹಲ್ಲಿನವರು ಫ್ರೀ ಇದ್ದಾರಲ್ಲ" ಅಂತ ಕಣ್ಣು ಆ ರೂಮಿಗೇ ಹೋಗುತ್ತೆ.

ಸಮಯದ ಲೆಕ್ಕವೂ ಇದೆ. ಈ ವರ್ಷ ಮೂರನೇ ವರ್ಷದವರಿಗೆ ಕೊಟ್ಟರೂ ಅವರು ಇಂಟರ್ನ್‌ಶಿಪ್ ಮುಗಿಸಿ ಹೊರಬರಲು ಮೂರು ವರ್ಷ. ಅಷ್ಟರಲ್ಲಿ ಸರ್ಕಾರ ಬದಲಾಗುತ್ತೆ, ಯೋಜನೆಯ ಹೆಸರು ಬದಲಾಗುತ್ತೆ. ಅದೇ ದುಡ್ಡಿನಲ್ಲಿ ಈಗಾಗಲೇ ಪಾಸಾಗಿ ಕೂತವರನ್ನು ಮುಂದಿನ ತಿಂಗಳೇ ಕರೆಯಬಹುದು. ಬಾಂಡು ಬೇಡ, ಒಂದು ವರ್ಷ ಕೆಲಸ ಮಾಡಿದರೆ ಒಂದು ವರ್ಷದ ಸಾಲ ತೀರಿಸುತ್ತೇವೆ ಅನ್ನಿ. ಮೊದಲು ಕೆಲಸ, ಆಮೇಲೆ ದುಡ್ಡು. ಓಡಿಹೋದವರ ಹಿಂದೆ ನೋಟಿಸು ಹಿಡಿದು ತಿರುಗುವ ಗೋಜೇ ಇಲ್ಲ. ಅಮೆರಿಕದವರೂ ಸ್ಕಾಲರ್‌ಶಿಪ್ಪಿನ ಜೊತೆ ಇದನ್ನೂ ನಡೆಸುತ್ತಾರೆ.

ಹೋಬಳಿಯ ಕೆಳಗಿನ ಹಳ್ಳಿಗೆ ಕುರ್ಚಿಯೇ ಬೇಡದ ಕೆಲಸವೂ ಇದೆ. ಹುಳುಕನ್ನು ಕೈ ಉಪಕರಣದಲ್ಲೇ ಕೆರೆದು ತೆಗೆದು ಗ್ಲಾಸ್ ಅಯಾನೊಮರ್ ಸಿಮೆಂಟು ತುಂಬುವ ಎಆರ್‌ಟಿ ಅನ್ನುವ ವಿಧಾನ 1980ರ ದಶಕದಲ್ಲಿ ಟಾಂಜಾನಿಯಾದಲ್ಲಿ ರೂಪುಗೊಂಡಿತು. ಕರೆಂಟು ಬೇಡ, ಡ್ರಿಲ್ ಸದ್ದು ಇಲ್ಲ, ಶಾಲೆಯ ಬೆಂಚಿನ ಮೇಲೆ ಮಗುವನ್ನು ಮಲಗಿಸಿ ಮಾಡಬಹುದು. ಆ ಸಿಮೆಂಟನ್ನು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿದೆ. ಇದಕ್ಕೆ ಐದು ವರ್ಷ ಓದಿದ ಡಾಕ್ಟರೇ ಬೇಕೆಂದೂ ಇಲ್ಲ. ನ್ಯೂಜಿಲೆಂಡಿನಲ್ಲಿ ಶಾಲಾ ಮಕ್ಕಳ ಹಲ್ಲು ನೋಡಲು ನರ್ಸುಗಳಿಗೆ ತರಬೇತಿ ಕೊಡಲು ಶುರು ಮಾಡಿದ್ದು 1921ರಲ್ಲಿ. ಅಮೆರಿಕದ ಅಲಾಸ್ಕಾ, ಮಿನ್ನೆಸೋಟಾದಲ್ಲೂ ಈಗ ಇಂಥ ಕೆಲಸಕ್ಕೆ ಡೆಂಟಲ್ ಥೆರಪಿಸ್ಟುಗಳಿದ್ದಾರೆ. ನಮ್ಮಲ್ಲಿ ಈ ಮಾತು ಎತ್ತಿದರೆ ದಂತ ವೈದ್ಯರ ಸಂಘದವರಿಗೆ ಕೋಪ ಬರಬಹುದು. ಬರಲಿ.

ಪಾವಗಡ, ಮುಂಡರಗಿ ಕಡೆಯ ಕಂದು ಹಲ್ಲಿಗೆ ಅಂತೂ ಯಾವ ಡಾಕ್ಟರನ್ನು ಕಳಿಸಿದರೂ ಪ್ರಯೋಜನ ಇಲ್ಲ. ನೀರಿನಲ್ಲಿರುವ ಫ್ಲೋರೈಡು ಹಲ್ಲು ಇನ್ನೂ ದವಡೆಯೊಳಗೆ ಬೆಳೆಯುತ್ತಿರುವಾಗಲೇ ಕೆಲಸ ಮುಗಿಸಿರುತ್ತೆ, ಎಂಟು ವರ್ಷದೊಳಗಿನ ಮಗು ಯಾವ ನೀರು ಕುಡಿಯಿತು ಅನ್ನುವುದರ ಮೇಲೆ ಎಲ್ಲಾ ನಿಂತಿದೆ. ಫೋಟೋ ತೆಗೆಯುವಾಗ ಬಾಯಿಗೆ ಕೈ ಅಡ್ಡ ಇಡುವ ಕಾಲೇಜು ಹುಡುಗಿಗೆ ಹತ್ತು ವರ್ಷದ ಹಿಂದೆ ಬೇಕಿದ್ದದ್ದು ನಾಣ್ಯ ಹಾಕಿದರೆ ನೀರು ಬರುವ ಆ ಶುದ್ಧ ನೀರಿನ ಘಟಕ, ಅದೂ ರಿಪೇರಿಯಲ್ಲಿ ಇರುವಂಥದ್ದು.

ಊರಿನ ಮಗು ಊರಿಗೆ ಬರಬೇಕು ಅನ್ನುವ ಮಾತನ್ನು ನಾನು ತಳ್ಳಿಹಾಕುವುದಿಲ್ಲ, ಪರ ವಾದದಲ್ಲಿ ಗಟ್ಟಿ ಇರುವುದು ಅದೊಂದೇ. ಅದಕ್ಕೂ ಒಂದು ಪರೀಕ್ಷೆ ಇದೆ. ಆ 39 ತಾಲ್ಲೂಕುಗಳಲ್ಲಿ ಕುರ್ಚಿ ರಿಪೇರಿ ಮಾಡಿಸಿ, ಸಿಮೆಂಟು ತುಂಬಿಸಿ, ಸಹಾಯಕಿ, ಕ್ವಾರ್ಟರ್ಸು, ಸರಿಯಾದ ಸಂಬಳ ಇಟ್ಟು ದಂತ ಆರೋಗ್ಯಾಧಿಕಾರಿ ಹುದ್ದೆಗೆ ಜಾಹೀರಾತು ಹಾಕಲಿ, ಸ್ಥಳೀಯರಿಗೆ ಮೊದಲ ಅವಕಾಶ ಅನ್ನಲಿ. ಒಂದು ಹುದ್ದೆಗೆ ಎಷ್ಟು ಅರ್ಜಿ ಬರುತ್ತೆ ನೋಡೋಣ. ಅಷ್ಟಾದರೂ ಯಾರೂ ಬಾರದ ತಾಲ್ಲೂಕುಗಳು ಉಳಿದರೆ, ಆ ತಾಲ್ಲೂಕಿನ ಮಕ್ಕಳಿಗೆ, ಸರ್ಕಾರಿ ಕಾಲೇಜಿನ ಸೀಟಿಗೆ, ಸ್ಕಾಲರ್‌ಶಿಪ್ ಕೊಡಲಿ. ಆಗ ನನ್ನ ತಕರಾರು ಇರುವುದಿಲ್ಲ.